ಎಲಿಜಬೆತ್ ಡಿ ಬರ್ಗ್ ವಂಶಾವಳಿಯ ಲೇಖಕರಿಗೆ

ಮಾನ್ಯರೇ,

ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ತನ್ನ ತವರುಮನೆತನದ ಹೆಸರು ಕೊಟ್ಟ ಎಲಿಜಬೆತ್ ಡಿ ಬರ್ಗ್‌ಳ ವಂಶಾವಳಿಯನ್ನು ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಗದ್ಯ ಸರಾಗವಾಗಿದೆ. ತೊಡಕಿರುವುದು ವ್ಯಕ್ತಿಯ ಗುರುತಿನಲ್ಲಿಯೇ.

ಒಂದೇ ಹೆಸರಿನ ಮೂವರನ್ನು ನೀವು ಒಬ್ಬಳನ್ನಾಗಿಸಿದ್ದೀರಿ. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನ ರಾಣಿ ಎಲಿಜಬೆತ್, ಐರ್ಲೆಂಡಿನ ಅಲ್‌ಸ್ಟರ್‌ನ ಅರ್ಲ್ (ಸಾಮಂತ ಪ್ರಭು) ರಿಚರ್ಡ್ ಡಿ ಬರ್ಗ್‌ನ ಮಗಳು. ನಿಮ್ಮ ನಾಯಕಿಯಾದರೋ ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ ಮತ್ತು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್‌ನ ಮಗಳು ಜೋನ್ ದಂಪತಿಗೆ 1295ರಲ್ಲಿ ಹುಟ್ಟಿ, 1308ರಲ್ಲಿ ಆ ರಾಣಿಯ ಸೋದರ ಜಾನ್‌ನ ಕೈಹಿಡಿದು ಡಿ ಬರ್ಗ್ ಆದವಳು. ರಾಣಿ ಇವಳಿಗೆ ನಾದಿನಿ. ಮೂರನೆಯ ಎಡ್ವರ್ಡ್‌ನ ಮಗ ಲಯನೆಲ್‌ನನ್ನು ಮದುವೆಯಾದ ಎಲಿಜಬೆತ್ ಇವಳ ಮೊಮ್ಮಗಳು.

ಈ ಗೊಂದಲದಲ್ಲಿ ಕಥೆಯ ತಿರುಳೇ ನಿಮ್ಮ ಕೈತಪ್ಪಿದೆ. ಅದು ಕೊಟ್ಟು ತಂದುಕೊಂಡ ಸಂಬಂಧ: ತಂದೆಯ ಹೆಸರನ್ನೇ ಹೊತ್ತ ನಿಮ್ಮ ನಾಯಕಿಯ ಅಣ್ಣ ಗಿಲ್ಬರ್ಟ್ ಅದೇ 1308ರಲ್ಲಿ ಜಾನ್‌ನ ಸೋದರಿ ಮಾಡ್‌ಳನ್ನು ಮದುವೆಯಾಗಿ ಬ್ರೂಸ್‌ಗೆ ಷಡ್ಡಕನಾದ, 1314ರಲ್ಲಿ ಬ್ಯಾನಕ್‌ಬರ್ನ್ ಕಾಳಗದಲ್ಲಿ ಆ ಷಡ್ಡಕನ ಸೈನ್ಯದೆದುರೇ ಸತ್ತ. ಅವನಿಗೆ ಮಕ್ಕಳು ಉಳಿದಿರಲಿಲ್ಲ. ಆದರೂ ವಿಧವೆ ಮಾಡ್ ತಾನು ಬಸುರಿಯೆಂದು ಹೇಳುತ್ತಲೇ ಬಂದುದರಿಂದ, ಎಲಿನಾರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ಸೋದರಿಯರಿಗೆ ಆಸ್ತಿ ಪಾಲಾಗುವ ಹೊತ್ತಿಗೆ 1317 ಬಂದಿತ್ತು. ಹೆರಿಗೆಯೇ ಆಗದ ಈ ಬಸಿರಿನ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಮನೆತನದ ಲಾಂಛನದ ಬಣ್ಣನೆಗೆ ಮಾತ್ರ ಪುಟಗಟ್ಟಲೆ ಜಾಗ ಸಿಕ್ಕಿದೆ.

ದಾಖಲೆ ಓದುವ ಕ್ರಮವೂ ಬದಲಾಗಬೇಕು. ದೊರೆಯಿಂದ ನೇರವಾಗಿ ಭೂಮಿ ಪಡೆದವರು ಸತ್ತಾಗ ಅಧಿಕಾರಿಗಳು ಊರಿನ ಪಂಚರನ್ನು ಕೂಡಿಸಿ, ಆಸ್ತಿ ಎಷ್ಟು, ವಾರಸುದಾರರು ಯಾರು, ಅವರ ವಯಸ್ಸೆಷ್ಟು ಎಂದು ವಿಚಾರಿಸಿ ಬರೆದಿಡುತ್ತಿದ್ದರು. ಗಂಡುಮಗನಿದ್ದರೆ ಹೆಣ್ಣುಮಕ್ಕಳು ಅಲ್ಲಿ ವಾರಸುದಾರರಾಗಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಹೆಸರಿಲ್ಲವೆಂದ ಮಾತ್ರಕ್ಕೆ ಮಗಳೇ ಇರಲಿಲ್ಲವೆಂಬ ನಿಮ್ಮ ತರ್ಕ ನಿಲ್ಲದು. ‘ಇಪ್ಪತ್ತೊಂದು ವರ್ಷ ಮತ್ತು ಹೆಚ್ಚು’ ಎಂಬ ಒಕ್ಕಣೆಗೂ ಎಷ್ಟೋ ವೇಳೆ ಪ್ರಾಪ್ತವಯಸ್ಕರೆಂದಷ್ಟೇ ಅರ್ಥ; ಅದರಿಂದ ಜನ್ಮವರ್ಷವನ್ನು ಲೆಕ್ಕ ಹಾಕಬೇಡಿ.

ಮತ್ತೆ ಬರೆಯುವಾಗ 1317ರ ಪಾಲಿನಿಂದ ಆರಂಭಿಸಿ, ನಾಯಕಿಯ ಮಕ್ಕಳನ್ನು ಅವಳ ಮೂವರು ಗಂಡಂದಿರ ಹೆಸರಿನಡಿ ಬೇರೆಬೇರೆಯಾಗಿ ಇರಿಸಿ: ಜಾನ್‌ನಿಂದ ವಿಲಿಯಂ, ಥಿಯೊಬಾಲ್ಡ್ ಡಿ ವರ್ಡನ್‌ನಿಂದ ಇಸಬೆಲ್ಲಾ, ರೋಜರ್ ಡ್ಯಾಮರಿಯಿಂದ ಎಲಿಜಬೆತ್. ಹೌದು, ಇನ್ನೊಬ್ಬಳು ಎಲಿಜಬೆತ್. ಅವಳನ್ನಾದರೂ ತಾಯಿಯೊಡನೆ ಬೆರೆಸಬೇಡಿ.

ಇಂತು,
ಸಂಪಾದಕ