ಸ್ಟಾಕ್ ಟ್ರೇಸ್ ತುಂಡಾಗುವುದಕ್ಕೂ ಸಾಲು ಕಾಣೆಯಾಗುವುದಕ್ಕೂ ಕಾರಣ ಬೇರೆ ಬೇರೆ

ಕುಬರ್ನೆಟೀಸ್‌ನಿಂದ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಫ್ಲೂಯೆಂಟ್ ಬಿಟ್ (ಲಾಗ್ ಓದಿ ಮುಂದೆ ಕಳಿಸುವ ಸಾಧನ) ಮೂಲಕ ಎಲಾಸ್ಟಿಕ್‌ಸರ್ಚ್‌ಗೆ (ಲಾಗ್ ಇಟ್ಟು ಹುಡುಕುವ ಜಾಗ) ಕಳಿಸುವ ಲಾಗ್‌ನಲ್ಲಿ ಜಾವಾ ಸ್ಟಾಕ್ ಟ್ರೇಸ್ (ದೋಷ ಎಲ್ಲಿಂದ ಬಂತು ಅಂತ ತೋರಿಸುವ ಹಲವು ಸಾಲು) ಸಾಲು ಸಾಲಾಗಿ ಒಡೆದು ಬರುತ್ತಿದೆ, ಪಾಡ್ (ಒಟ್ಟಿಗೆ ಓಡುವ ಕಂಟೇನರ್‌ಗಳು) ರೀಸ್ಟಾರ್ಟ್ ಆದಾಗ ಕೆಲವು ಸಾಲು ಮಾಯ ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. ಫ್ಲೂಯೆಂಟ್ ಬಿಟ್‌ನಲ್ಲಿ ಲಾಗ್ ಫೈಲ್ ಓದುವ ಭಾಗವಾದ ಟೇಲ್ ಇನ್‌ಪುಟ್‌ನಲ್ಲಿ ಸಿಆರ್‌ಐ (ಕುಬರ್ನೆಟೀಸ್ ಕಂಟೇನರ್‌ಗಳ ಲಾಗ್ ರೂಪ) ಮಲ್ಟಿಲೈನ್ ಪಾರ್ಸರ್ (ಒಡೆದ ಸಾಲು ಜೋಡಿಸುವ ನಿಯಮ) ಇರಲಿ. ಹಳೆಯ ಬ್ಲಾಗ್ ನೋಡಿ ಡಾಕರ್ ಪಾರ್ಸರ್ ಮಾತ್ರ ಹಾಕಿದ್ದೀರಾ? ಕುಬರ್ನೆಟೀಸ್ 1.24ರಲ್ಲಿ ಡಾಕರ್‌ಶಿಮ್ (ಡಾಕರ್‌ಗೆ ಕೊಂಡಿಯಾಗಿದ್ದ ಭಾಗ) ಹೋಯಿತು. ಕಂಟೇನರ್ ಓಡಿಸುವ ಕಂಟೇನರ್‌ಡಿ ಬರೆಯುವ ಲಾಗ್ ಜೇಸನ್ ಅಲ್ಲ, ಸಾಲಿನ ಮುಂದೆ ಸಮಯ, ಸ್ಟ್ರೀಮ್ ಹೆಸರು, ಆಮೇಲೆ 'ಪಿ' ಅಥವಾ 'ಎಫ್' ಇರುತ್ತದೆ. 'ಪಿ' ಅಂದ್ರೆ ಸಾಲು ಇನ್ನೂ ಮುಗಿದಿಲ್ಲ, 'ಎಫ್' ಅಂದ್ರೆ ಮುಗಿದಿದೆ ಅಂತ. ಇದಾದ ಮೇಲೆ ಮಲ್ಟಿಲೈನ್ ಫಿಲ್ಟರ್‌ನಲ್ಲಿ ಜಾವಾ ಪಾರ್ಸರ್ ಕೊಟ್ಟು, ಕೀ ಜಾಗದಲ್ಲಿ 'ಲಾಗ್' ಅಂತ ಹಾಕಿ.

ಕಾಣೆಯಾಗುವುದೇ ನಿಜವಾದ ತಲೆನೋವು. ಯಾವ ಪಾಡ್ ರೀಸ್ಟಾರ್ಟ್ ಆಗುತ್ತಿದೆ, ನಿಮ್ಮ ಆ್ಯಪ್‌ದೋ, ಫ್ಲೂಯೆಂಟ್ ಬಿಟ್‌ದೋ? ಎರಡನೆಯದಾದರೆ ಅದರ ಡಿಬಿ ಫೈಲ್ (ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಫೈಲ್) ಹೋಸ್ಟ್‌ಪಾತ್‌ನಲ್ಲಿ (ಪಾಡ್‌ನ ಹೊರಗೆ, ಯಂತ್ರದ ಡಿಸ್ಕ್‌ನಲ್ಲಿ) ಇದೆಯಾ ನೋಡಿ. ಪಾಡ್ ಒಳಗೇ ಇದ್ದರೆ ಎಲ್ಲಿವರೆಗೆ ಓದಿದ್ದೆ ಅನ್ನೋದೇ ಮರೆತು, ಫೈಲ್‌ನ ಕೊನೆಯಿಂದ ಶುರು ಮಾಡುತ್ತದೆ. ನಾನೂ ಇದರಲ್ಲಿ ಒಂದಿಡೀ ರಾತ್ರಿ ಕಳೆದಿದ್ದೇನೆ, ಸುಮ್ನೆ ಎಲಾಸ್ಟಿಕ್‌ಸರ್ಚ್‌ನ ಬೈದುಕೊಂಡು.

ಇನ್ನೊಂದು ವಿಷಯ. ಕ್ಯೂಬ್‌ಲೆಟ್ (ಪ್ರತಿ ಯಂತ್ರದಲ್ಲೂ ಪಾಡ್ ನೋಡಿಕೊಳ್ಳುವ ಕುಬರ್ನೆಟೀಸ್ ಭಾಗ) ಡೀಫಾಲ್ಟ್ ಆಗಿ ಕಂಟೇನರ್‌ಗೆ 10 ಎಂಬಿಯ 5 ಲಾಗ್ ಫೈಲ್ ಮಾತ್ರ ಇಡುತ್ತದೆ. ಆಚೆ ಕಡೆ ಎಲಾಸ್ಟಿಕ್‌ಸರ್ಚ್ ನಿಧಾನವಾಗಿ, ಫ್ಲೂಯೆಂಟ್ ಬಿಟ್‌ನ ಮೆಮೊರಿ ಬಫರ್ (ಕಳಿಸಬೇಕಾದ ಲಾಗ್ ಕಾಯುವ ಜಾಗ) ತುಂಬಿದರೆ ಟೇಲ್ ಓದುವುದನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಹೊಸ ಫೈಲ್ ಬಂದು ಹಳೆಯದು ಅಳಿಸಿಹೋದರೆ, ಓದದ ಸಾಲು ಹೋಯಿತು. ಬಫರ್ ಡಿಸ್ಕ್‌ನಲ್ಲೂ ಇರುವಂತೆ ಸ್ಟೋರೇಜ್ ಟೈಪನ್ನು ಫೈಲ್‌ಸಿಸ್ಟಮ್‌ಗೆ ಬದಲಿಸಿ, ಆ ಬಫರ್‌ನ ಫೋಲ್ಡರನ್ನೂ ಹೋಸ್ಟ್‌ಪಾತ್‌ನಲ್ಲೇ ಇಡಿ. ಆಮೇಲೂ ಸಾಲು ತಪ್ಪಿದರೆ ನಿಮ್ಮ ಔಟ್‌ಪುಟ್ ಭಾಗದ ಕಾನ್ಫಿಗ್ ಇಲ್ಲಿ ಹಾಕಿ, ಪಾಸ್‌ವರ್ಡ್ ಅಳಿಸಿ.