ಪೆಟ್ಟು ತಿನ್ನೋದು ಯಾತಕ್ಕೆ? – ಓದುಗರ ಸಿನಿಮಾ ಪ್ರಶ್ನೆಗಳು

ಪ್ರಶ್ನೆ: ಬಾಕ್ಸಿಂಗ್ ಸಿನಿಮಾಗಳದ್ದೆಲ್ಲ ಒಂದೇ ಕತೆ ಅಂತ ನನ್ನ ಮಗ ವಾದ ಮಾಡುತ್ತಾನೆ. ಬಡ ಹುಡುಗ, ಸಿಡುಕು ಗುರು, ತಾಲೀಮಿನ ಹಾಡು, ಕೊನೆಗೆ ದೊಡ್ಡ ಪಂದ್ಯ. ನೀವು ಮಾತ್ರ ಮತ್ತೆ ಮತ್ತೆ ಇವನ್ನೇ ಹೊಗಳುತ್ತೀರಿ. ಅಂಥದ್ದೇನಿದೆ ಅವುಗಳಲ್ಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಮಗ ಹೇಳಿದ ನಾಲ್ಕೂ ನಿಜ. ನಾನು ಕಾಯುವುದು ಐದನೆಯದಕ್ಕೆ. ಇವನು ಇಷ್ಟು ಪೆಟ್ಟು ತಿನ್ನಲು ಒಪ್ಪಿದ್ದು ಯಾತಕ್ಕೆ? ಅದು ಸಿಕ್ಕಿದರೆ ಹಳೇ ಕತೆಯೂ ಹೊಸದಾಗುತ್ತದೆ.

‘ರಾಕಿ’ (1976) ತೆಗೆದುಕೊಳ್ಳಿ. ಫಿಲಡೆಲ್ಫಿಯಾದ ಚಿಲ್ಲರೆ ಬಾಕ್ಸರ್. ಹೊಟ್ಟೆಪಾಡಿಗೆ ಬಡ್ಡಿ ಸಾಲದವನ ವಸೂಲಿ ಕೆಲಸ. ಅಂಥವನಿಗೆ ವಿಶ್ವ ಚಾಂಪಿಯನ್ ಎದುರು ಆಡುವ ಅವಕಾಶ ಬರುತ್ತದೆ. ಹಿಂದಿನ ರಾತ್ರಿ ಅವನು ಖಾಲಿ ಕ್ರೀಡಾಂಗಣಕ್ಕೆ ಒಬ್ಬನೇ ಹೋಗುತ್ತಾನೆ. ಅಲ್ಲಿ ಅವನ ದೊಡ್ಡ ಚಿತ್ರ ತೂಗುಹಾಕಿದ್ದಾರೆ, ಚಡ್ಡಿಯ ಬಣ್ಣ ಮಾತ್ರ ತಪ್ಪು. ಪಂದ್ಯ ನಡೆಸುವ ಧಣಿಗೆ ಹೇಳುತ್ತಾನೆ. ಅದರಿಂದೇನೀಗ, ನೀನು ಆಟ ಚೆನ್ನಾಗಿ ಆಡುತ್ತೀಯಲ್ಲ ಅನ್ನುವ ಧಾಟಿಯ ಉತ್ತರ ಬರುತ್ತದೆ. ರಾಕಿ ಪಾತ್ರದ ಸ್ಟಲೋನ್ ಮುಖ ಆಗ ನೋಡಬೇಕು. ತಾನು ಯಾವ ಚಡ್ಡಿ ಹಾಕುತ್ತೇನೆ ಅಂತ ಕೇಳುವವರೂ ಇಲ್ಲ! ಮನೆಗೆ ಬಂದು ಪ್ರೇಯಸಿಯ ಪಕ್ಕ ಮಲಗಿ, ಗೆಲ್ಲೋದು ನನ್ನಿಂದಾಗಲ್ಲ ಅನ್ನುತ್ತಾನೆ. ಹದಿನೈದನೇ ಸುತ್ತಿನ ಗಂಟೆ ಹೊಡೆಯುವಾಗ ಕಾಲ ಮೇಲೆ ನಿಂತಿದ್ದರೆ ಸಾಕು ಅವನಿಗೆ. ತಾನು ಬೀದಿಯಲ್ಲಿ ಅಲೆಯುವ ಕೆಲಸಕ್ಕೆ ಬಾರದವನಲ್ಲ ಅಂತ ಆಗ ತನಗೇ ಗೊತ್ತಾಗುತ್ತದೆ.

ಸುತ್ತಿಗೆ 3 ನಿಮಿಷದಂತೆ 15 ಸುತ್ತು, ಅಷ್ಟೇ ಅವನ ಆಸೆ. ಮಾರನೇ ದಿನ ಅವನು ಸೋಲುತ್ತಾನೆ. ಆದರೆ ಬಹಳ ಹಿಂದೆ ಆ ಸಿನಿಮಾ ನೋಡಿದವರನ್ನು ಕೇಳಿ, ಎಷ್ಟೋ ಜನ ‘ಗೆದ್ದನಲ್ವಾ?’ ಅನ್ನುತ್ತಾರೆ. ಅವನು ಕೇಳಿದ್ದು ಅವನಿಗೆ ಸಿಕ್ಕಿತು, ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಅದೇ.

ಇನ್ನೊಂದು, ನನಗೆ ಇದಕ್ಕಿಂತಲೂ ಹತ್ತಿರದ್ದು. ಕ್ಲಿಂಟ್ ಈಸ್ಟ್‌ವುಡ್ ಅವರ ‘ಮಿಲಿಯನ್ ಡಾಲರ್ ಬೇಬಿ’ (2004). ಊರು ಬಿಟ್ಟು ಮುಂಬೈಗೆ ಬಂದ ಹೊಸದರಲ್ಲಿ ನಾನು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದೆ. ಈ ಚಿತ್ರದ ಮ್ಯಾಗಿಯದೂ ಅದೇ ಕೆಲಸ. ಒಂದು ದೃಶ್ಯದಲ್ಲಿ ಗಿರಾಕಿ ತಟ್ಟೆಯಲ್ಲಿ ಬಿಟ್ಟು ಹೋದ ಮಾಂಸದ ತುಂಡನ್ನು ಸುಮ್ನೆ ಸುತ್ತಿಟ್ಟುಕೊಳ್ಳುತ್ತಾಳೆ. ಯಜಮಾನ ನೋಡಿದಾಗ, ನಾಯಿಗೆ ಅನ್ನುತ್ತಾಳೆ. ಅವಳ ಹತ್ತಿರ ನಾಯಿ ಎಲ್ಲಿಂದ ಬರಬೇಕು? ಮ್ಯಾಗಿ ಪಾತ್ರದ ಹಿಲರಿ ಸ್ವಾಂಕ್ ಅಲ್ಲಿ ಕಣ್ಣು ತಗ್ಗಿಸುವುದಿಲ್ಲ, ಕೈ ಮಾತ್ರ ಚುರುಕಾಗುತ್ತದೆ. ಎಂಜಲು ತಟ್ಟೆ ಎತ್ತಿದವರಿಗೆ ಆ ಕೈ ಗೊತ್ತು. ವಯಸ್ಸು ಮೂವತ್ತು ದಾಟಿದೆ, ಕಲಿಸಲ್ಲ ಅಂತ ಗುರು ಹೇಳಿದರೂ ಅವಳು ಜಿಮ್ ಬಿಟ್ಟು ಹೋಗದ್ದು ಯಾಕೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

‘ಸಿಂಡ್ರೆಲಾ ಮ್ಯಾನ್’ (2005) ಅಂತೂ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಅಮೆರಿಕದಲ್ಲಿ ಕೆಲಸವಿಲ್ಲದ 1930ರ ದಶಕ. ಬ್ರಾಡಕ್ ಅನ್ನುವ ನಿಜವಾದ ಬಾಕ್ಸರನ ಕತೆ. ಈಗ ಯಾತಕ್ಕೆ ಹೊಡೆದಾಡುತ್ತೀಯ ಅಂತ ಪತ್ರಕರ್ತರು ಕೇಳಿದರೆ, ‘ಹಾಲು’ ಅನ್ನುತ್ತಾನೆ. ಆ ಹೊತ್ತಿಗೆ ಮನೆಯಲ್ಲಿ ಮಕ್ಕಳ ಹಾಲಿನ ಬಾಕಿ, ಕತ್ತರಿಸಿದ ಕರೆಂಟು ಎಲ್ಲ ನಾವು ನೋಡಿರುತ್ತೇವೆ. 1935ರಲ್ಲಿ ಅವನು ಮ್ಯಾಕ್ಸ್ ಬೇರ್‌ನನ್ನು ಸೋಲಿಸಿ ಚಾಂಪಿಯನ್ ಆದ. ಸರ್ಕಾರದಿಂದ ಪಡೆದ ಪರಿಹಾರದ ದುಡ್ಡನ್ನು ತಿರುಗಿ ಕಟ್ಟಿದ.

ನಮ್ಮ ಕೆಲವು ಸಿನಿಮಾಗಳು ಕೊನೆಯ ಹತ್ತು ನಿಮಿಷಕ್ಕೆ ದೇಶ, ಬಾವುಟ ಎಲ್ಲ ತಂದು ನಿಲ್ಲಿಸುತ್ತವೆ. ಅಷ್ಟು ಹೊತ್ತು ಹಾಲಿಗಾಗಿ ಹೊಡೆದಾಡಿದವನು ಅಲ್ಲಿ ಕಳೆದುಹೋಗುತ್ತಾನೆ. ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಇಂಥ ಸಿನಿಮಾ ಮನೆಯಲ್ಲೇ ನೋಡಿದರೆ ಸಾಲದೇ? ನಾಲ್ಕು ಜನ ಥಿಯೇಟರಿಗೆ ಹೋದರೆ ತಿಂಗಳ ಕಿರಾಣಿ ಖರ್ಚು ಬರುತ್ತದೆ.
– ಗೃಹಿಣಿ, ಮುಲುಂಡ್

ಉತ್ತರ: ಖರ್ಚಿನ ಮಾತು ಸುಳ್ಳಲ್ಲ ತಾಯಿ. ವಾರದ ನಡುವೆ ಬೆಳಗಿನ ಆಟಕ್ಕೆ ಹೋಗಿ, ತಿಂಡಿ ಮನೆಯಲ್ಲೇ ಮುಗಿಸಿ. ಎಲ್ಲ ಸಿನಿಮಾಕ್ಕೂ ಹೋಗಿ ಅಂತ ನಾನು ಹೇಳಲ್ಲ. ಬಾಕ್ಸಿಂಗ್ ಸಿನಿಮಾಕ್ಕೆ ಮಾತ್ರ ಹೋಗಿ.

ಕಾರಣ ಸದ್ದು. ‘ರೇಜಿಂಗ್ ಬುಲ್’ (1980) ಚಿತ್ರದಲ್ಲಿ ನಿರ್ದೇಶಕ ಸ್ಕೋರ್ಸೆಸಿ ಕ್ಯಾಮೆರಾವನ್ನು ರಿಂಗಿನ ಹಗ್ಗದ ಒಳಗೇ ಇಟ್ಟರು. ಎದುರಾಳಿ ಶುಗರ್ ರೇ ರಾಬಿನ್‌ಸನ್ ಜೊತೆಗಿನ ಕೊನೆಯ ಪಂದ್ಯದಲ್ಲಿ ಜನರ ಗಲಾಟೆ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಮೇಲೆತ್ತಿದ ಕೈ ಇನ್ನೂ ಬಿದ್ದಿಲ್ಲ. ಮನೆಯಲ್ಲಾದರೆ ಅದೇ ಹೊತ್ತಿಗೆ ಕುಕ್ಕರ್ ಕೂಗುತ್ತದೆ. ಥಿಯೇಟರಿನಲ್ಲಿ ಪಕ್ಕದ ಅಪರಿಚಿತನೂ ಉಸಿರು ಹಿಡಿದದ್ದು ನಿಮಗೆ ಗೊತ್ತಾಗುತ್ತದೆ.

ಫೋರ್ಟಿನ ಹೋಟೆಲಿನ ನಮ್ಮ ಹುಡುಗರಿಗೆ ರೀಗಲ್, ಸ್ಟರ್ಲಿಂಗ್, ಮೆಟ್ರೋ ಥಿಯೇಟರುಗಳೆಲ್ಲ ನಡೆದು ಹೋಗುವ ದೂರ. ಇಂಗ್ಲಿಷ್ ಅಷ್ಟಕ್ಕಷ್ಟೇ. ಸುತ್ತು ಮುಗಿದು ಬಾಕ್ಸರ್ ಮೂಲೆಯ ಸ್ಟೂಲಿನ ಮೇಲೆ ಕೂತಾಗ ಗುರು ಏನೋ ಕಿವಿಯಲ್ಲಿ ಹೇಳುತ್ತಾನಲ್ಲ, ಆಗ ನಮ್ಮ ಸಾಲಿನಿಂದ ತುಳುವಿನಲ್ಲಿ, ಕನ್ನಡದಲ್ಲಿ ಸಲಹೆಗಳು ಹೋಗುತ್ತಿದ್ದವು. ಎಡಗೈ ಮೇಲೆ ಹಿಡಿ ಮಾರಾಯ! ಯಾರೂ ಬಯ್ಯಲಿಲ್ಲ, ಮುಂದಿನ ಸಾಲಿನವರು ಮರಾಠಿಯಲ್ಲಿ ಅದನ್ನೇ ಕೂಗುತ್ತಿದ್ದರು.

ಹಿಂದಿಯ ‘ತೂಫಾನ್’, ತಮಿಳಿನ ‘ಸಾರ್ಪಟ್ಟ ಪರಂಬರೈ’ ಎರಡೂ 2021ರ ಜುಲೈನಲ್ಲಿ ನೇರ ಮನೆಗೇ ಬಂದವು, ಕೊರೊನಾ ಕಾಲ. ಎಪ್ಪತ್ತರ ದಶಕದ ಉತ್ತರ ಮದ್ರಾಸಿನ ಆ ತಮಿಳು ಚಿತ್ರವನ್ನು ಮಾಟುಂಗಾದ ಅರೋರಾದಲ್ಲಿ ತುಂಬಿದ ಜನರ ನಡುವೆ ನೋಡಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಪ್ರಶ್ನೆ: ನಾನು ಧಾರಾವಿಯ ಹುಡುಗಿಯೊಬ್ಬಳು ಬಾಕ್ಸರ್ ಆಗುವ ಕಿರುಚಿತ್ರ ಬರೆಯುತ್ತಿದ್ದೇನೆ. ಅಪ್ಪನ ಸಾವಿನಿಂದ ಶುರು ಮಾಡಲೇ?
– ಕಾಲೇಜು ವಿದ್ಯಾರ್ಥಿನಿ, ಪುಣೆ

ಉತ್ತರ: ಬೇಡಮ್ಮಾ. ಯಾರನ್ನೋ ಸಾಯಿಸಿದರೆ ಕಾರಣ ಥಟ್ಟನೆ ಸಿಗುತ್ತದೆ, ಪಾತ್ರ ಸಿಗುವುದಿಲ್ಲ. ‘ತೂಫಾನ್’ನಲ್ಲಿ ಮುಂಬೈ ಡೋಂಗ್ರಿಯ ಪುಂಡನಿಗೆ ಡಾಕ್ಟರ್ ಹುಡುಗಿ ಮುಖದ ಮೇಲೆ ಹೊಡೆದ ಹಾಗೆ ಮಾತಾಡುತ್ತಾಳೆ, ಅವನಿಗೆ ಮರ್ಯಾದೆ ಬೇಕು ಅನ್ನಿಸುತ್ತದೆ. ಚಿತ್ರದ ಜೀವ ಅಲ್ಲಿದೆ. ಮುಂದೆ ಅವಳು ಕಾಲ್ತುಳಿತದಲ್ಲಿ ಸತ್ತ ಮೇಲೆ ಕಣ್ಣೀರು ಜಾಸ್ತಿಯಾಯಿತು, ಅವನ ಆಸೆ ಮಸುಕಾಯಿತು.

ನಿನ್ನ ಹುಡುಗಿಗೆ ಒಂದು ಸಣ್ಣ ಬೇಡಿಕೆ ಕೊಡು. ತನ್ನದೇ ಒಂದು ಜೊತೆ ಗ್ಲೌಸ್ ಇರಲಿ ಅಂತ, ಬೇರೆಯವರ ಬೆವರು ನಾರದ್ದು. ಜಿಮ್‌ಗೆ ಹೋಗಿ ಒಂದು ಸಂಜೆ ಕೂತು ನೋಡು: ಕೈಗೆ ಪಟ್ಟಿ ಸುತ್ತುವುದಕ್ಕೆ ಎಷ್ಟು ಹೊತ್ತು ಬೇಕು, ಯಾರು ಯಾರಿಗೆ ಸುತ್ತಿಕೊಡುತ್ತಾರೆ. ಅದನ್ನು ಮೊದಲ ದೃಶ್ಯ ಮಾಡಿ ಬರೆದು ನನಗೆ ಕಳಿಸು, ಓದುತ್ತೇನೆ.