'ವರ್ತ್ ಹಿಸ್ ಸಾಲ್ಟ್' ಅಂದರೆ ಉಪ್ಪಿನ ಋಣದ ಮಾತಾ?

ಮುಂಬೈಗೆ ಬಂದು ಆರು ತಿಂಗಳಾಯಿತು, ಮುಲುಂಡಿನ ಆಫೀಸಿನಲ್ಲಿ ಮೇಲಿನವರು 'ಎನಿ ಅಕೌಂಟೆಂಟ್ ವರ್ತ್ ಹಿಸ್ ಸಾಲ್ಟ್ ಈ ತಪ್ಪನ್ನು ಹಿಡಿಯುತ್ತಿದ್ದ' ಅಂದರು, ಉಪ್ಪು ತಿಂದು ದ್ರೋಹ ಮಾಡಿದೆ ಅಂದರಾ ಎಂದು ಕೇಳಿದ್ದೀರಿ. ಅಲ್ಲ, ಖಂಡಿತ ಅಲ್ಲ.

ಇದೇ ಮಾತಿಗೆ ನನಗೂ ಎರಡು ದಿನ ಊಟ ಸೇರಿರಲಿಲ್ಲ. ನಾನು ಕುಮಟಾ ಕಡೆಯವನು, ಸಾಣಿಕಟ್ಟಾದ ಉಪ್ಪಿನ ಆಗರ ನೋಡುತ್ತಾ ಬೆಳೆದವನು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ಅಜ್ಜಿ ಹೇಳಿದ್ದೇ ತಲೆಯಲ್ಲಿತ್ತು. ಅಂಧೇರಿಯ ಮೊದಲ ಕೆಲಸದಲ್ಲಿ ಸಾಹೇಬರು ಹೀಗಂದಾಗ ನನ್ನ ನಿಯತ್ತನ್ನೇ ಅನುಮಾನಿಸಿದರು ಅಂದುಕೊಂಡೆ. ಮಾತುಂಗಾದ ಮೆಸ್ಸಿನಲ್ಲಿ ಪಕ್ಕ ಕೂತು ಉಣ್ಣುತ್ತಿದ್ದ ಹಿರಿಯರೊಬ್ಬರು ಬಿಡಿಸಿ ಹೇಳಿದರು: "ನಮ್ಮ ಉಪ್ಪು ನಿಯತ್ತಿನದು ಮಾರಾಯ. ಅವರದ್ದು ಕೆಲಸದ್ದು."

ಅಷ್ಟೇ ಸಂಗತಿ. ಪಡೆಯೋ ಸಂಬಳಕ್ಕೆ ತಕ್ಕಷ್ಟು ಕೆಲಸ ಬಲ್ಲವನು ಅಂತ ಅರ್ಥ. 'ಸ್ಯಾಲರಿ' ಪದ ಕೂಡ ಲ್ಯಾಟಿನ್ನಿನ 'ಸಲಾರಿಯಂ'ನಿಂದ ಬಂದದ್ದು, ಅದರೊಳಗೆ 'ಸಾಲ್' ಅಂದರೆ ಉಪ್ಪು ಇದೆ. ಹಾಗಂತ ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಅನ್ನೋ ಕತೆಗೆ ಗಟ್ಟಿ ಆಧಾರ ಇಲ್ಲ.

ಅಂಥ ಕತೆ ಕೇಳಿದಾಗಲೇ 'ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಅನ್ನೋದು. ಪೂರ್ತಿ ನಂಬಬೇಡ, ಸ್ವಲ್ಪ ಅನುಮಾನ ಇಟ್ಟುಕೋ ಅಂತ. ಅಮೆರಿಕದವರು ಪಿಂಚ್ ಬದಲು 'ಗ್ರೇನ್' ಅನ್ನುತ್ತಾರೆ. ಸುಮಾರು 2000 ವರ್ಷ ಹಿಂದೆ ಪ್ಲಿನಿ ಅನ್ನೋ ರೋಮನ್ ಲೇಖಕ ವಿಷಕ್ಕೆ ಒಂದು ಮದ್ದು ಬರೆದಿಟ್ಟ, ಅದಕ್ಕೆ ಒಂದು ಹರಳು ಉಪ್ಪು ಸೇರಿಸಲು ಹೇಳಿದ. ಈ ಮಾತಿನ ಬೇರು ಅಲ್ಲಿದೆ ಅಂತಾರೆ. ನನಗೆ ತುಂಬಾ ಇಷ್ಟವಾಗೋದು ಬೇರೆ ಒಂದು. ನಮ್ಮಲ್ಲಿ ಉಪ್ಪು ಖಾರ ಹಚ್ಚೋದು ಸುದ್ದಿ ಹೇಳುವವರು. ಇಂಗ್ಲಿಷಿನಲ್ಲಿ ಉಪ್ಪು ಹಾಕಿಕೊಳ್ಳೋದು ಕೇಳುವವರು!

'ಸಾಲ್ಟ್ ಆಫ್ ದಿ ಅರ್ಥ್' ಅಂದರೆ ಸರಳ, ನಂಬಿಕಸ್ಥ, ಒಳ್ಳೆಯ ಮನುಷ್ಯ. ಬೈಬಲಿನಲ್ಲಿ ಯೇಸು ಶಿಷ್ಯರಿಗೆ ನೀವು ಭೂಮಿಗೆ ಉಪ್ಪು ಅಂತ ಹೇಳಿದ್ದರಿಂದ ಬಂತು. ಗಾಯಕ್ಕೆ ಉಪ್ಪು ಸವರೋದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ, ಅದನ್ನು ನಾನು ಹೇಳಬೇಕಿಲ್ಲ ಅಲ್ವಾ?

ನಿಮ್ಮ ಮೇಲಿನವರಿಗೆ ಸಿಟ್ಟು ಬಂದಿರೋದು ಲೆಕ್ಕದ ಮೇಲೆ, ನಿಮ್ಮ ಗುಣದ ಮೇಲಲ್ಲ. ನಾಳೆ ಹೋಗಿ ತಪ್ಪು ಯಾವ ಸಾಲಿನಲ್ಲಿತ್ತು ಅಂತ ನೇರವಾಗಿ ಕೇಳಿ. ನಾನೂ ಹಾಗೇ ಕೇಳಿದೆ. ಸಾಹೇಬರು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು.